ಬೆಲಿಯೆ ಪಲ್ಲಿಯಿಂದ ಚಂದ್ರಗಿರಿಯವರೆಗೆ: ವೈದ್ಯರೊಬ್ಬರ ಜೊತೆ ಬ್ಯಾರಿ ಮಾತಿನ ಊರುಗಳಲ್ಲಿ

ಬುಧವಾರ: ಘಟ್ಟದ ಕೆಳಗೆ

ಮೈಸೂರಿನಿಂದ ಮಡಿಕೇರಿಯ ಮೇಲೆ ಮಂಗಳೂರಿಗೆ ಹೋಗುವ ಬಸ್ಸು ಸಂಪಾಜೆ ಘಾಟಿಯನ್ನು ಇಳಿದು ಬಯಲಿಗೆ ಬರುವಷ್ಟರಲ್ಲಿ ಒಳಗಿನ ಮಾತು ಎರಡು ಮೂರು ಸಲ ಬದಲಾಗಿರುತ್ತದೆ. ಮಡಿಕೇರಿಯಲ್ಲಿ ಹತ್ತಿದವರು ಕೊಡವ ತಕ್ಕ್ ಆಡುತ್ತಿದ್ದರು, ಸಂಪಾಜೆಯ ಬಳಿಕ ಅರೆಭಾಷೆ ಕೇಳಿಸಿತು, ಸುಳ್ಯದಲ್ಲಿ ತುಳು ತುಂಬಿಕೊಂಡಿತು. ಪುತ್ತೂರಿನಲ್ಲಿ ಅಡಿಕೆ ಚೀಲವೊಂದನ್ನು ಸೀಟಿನ ಕೆಳಗೆ ತಳ್ಳಿ ನನ್ನ ಪಕ್ಕದಲ್ಲಿ ಕುಳಿತವರು ಕಂಡಕ್ಟರನ ಬಳಿ ತುಳುವಿನಲ್ಲಿ, ನನ್ನ ಬಳಿ ಕನ್ನಡದಲ್ಲಿ, ಫೋನಿನಲ್ಲಿ ಮನೆಯವರ ಬಳಿ ಇನ್ನೊಂದು ಮಾತಿನಲ್ಲಿ ವ್ಯವಹರಿಸಿದರು. ಆ ಇನ್ನೊಂದು ಮಾತಿನ ಸಲುವಾಗಿಯೇ ನಾನು ಹೊರಟಿದ್ದೆ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿಯೂ ಕಾಸರಗೋಡಿನ ಉತ್ತರ ಭಾಗದಲ್ಲಿಯೂ ನೆಲೆಸಿರುವ ಬ್ಯಾರಿ ಮುಸ್ಲಿಮರ ಮನೆಮಾತನ್ನು ಬ್ಯಾರಿ ಬಾಸೆ ಎನ್ನುತ್ತಾರೆ. ‘ನನಗೆ’ ಎನ್ನುವುದಕ್ಕೆ ನಕ್ಕ್, ‘ನಿನಗೆ’ ಎನ್ನುವುದಕ್ಕೆ ನಿಕ್ಕ್ ಎಂದು ಹೇಳುವುದರಿಂದ ನಕ್ಕ್-ನಿಕ್ಕ್ ಬಾಸೆ ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಮಲಯಾಳಕ್ಕೆ ಹತ್ತಿರದ ವ್ಯಾಕರಣ, ತುಳುವಿನ ನೆರಳಿನಲ್ಲಿ ಬೆಳೆದ ಉಚ್ಚಾರ ಮತ್ತು ಶಬ್ದಗಳು, ಅರಬಿ-ಪಾರಸಿಗಳಿಂದ ಬಂದ ಪದಗಳು, ಇವೆಲ್ಲ ಬೆರೆತ ಮಾತು ಅದು. ಉರ್ದು ಮನೆಮಾತಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥವನ್ನು ಅನುಸರಿಸಿದರೆ ಬ್ಯಾರಿಗಳು ಶಾಫಿಗಳು. ಘಟ್ಟದ ಮೇಲಿನ ನಮ್ಮಂಥವರು ಮುಸ್ಲಿಮರೆಂದರೆ ಉರ್ದು ಎಂದುಕೊಂಡುಬಿಡುವುದರಿಂದ ಇದನ್ನು ಮೊದಲಿಗೇ ಹೇಳುವುದು ಒಳ್ಳೆಯದು.

ಸಂಜೆ ಮಂಗಳೂರಿನಲ್ಲಿ ನನ್ನನ್ನು ಬರಮಾಡಿಕೊಂಡವರು ವೃತ್ತಿಯಿಂದ ನಿವೃತ್ತರಾದ ಒಬ್ಬ ವೈದ್ಯರು. ‘ಬರೆಯುವುದಾದರೆ ಬರೆಯಿರಿ, ಹೆಸರು ಮಾತ್ರ ಬೇಡ’ ಎಂದು ಮೊದಲೇ ಷರತ್ತು ಹಾಕಿದ್ದರಿಂದ ಇಲ್ಲಿ ಅವರನ್ನು ಡಾಕ್ಟ್ರು ಎಂದಷ್ಟೇ ಕರೆಯುತ್ತೇನೆ. ನಾನು ಶಾಲೆಯಲ್ಲಿ ಕನ್ನಡ ಕಲಿಸಿದವನೆಂದು ತಿಳಿದ ಮೇಲೆ ಅವರಿಗೆ ನಾನು ಮಾಷ್ಟ್ರಾದೆ. ಅವರ ಮನೆಯ ಕಪಾಟಿನಲ್ಲಿ ವೈದ್ಯಕೀಯ ಗ್ರಂಥಗಳ ಕೆಳಗಿನ ಅಡ್ಡಹಲಗೆಯ ತುಂಬ ಅಂಗಡಿಯವರು ಬಳಸುವ ಉದ್ದನೆಯ ಲೆಕ್ಕದ ಪುಸ್ತಕಗಳಿದ್ದವು. ತೆರೆದರೆ ಎಡಗಡೆಯಲ್ಲಿ ಒಂದು ಬ್ಯಾರಿ ಪದ, ಅದರ ಮುಂದೆ ಅದನ್ನು ಆಡಿದವರ ಊರು, ಸುಮಾರು ವಯಸ್ಸು, ಹೆಣ್ಣೋ ಗಂಡೋ ಎಂಬ ಗುರುತು, ಬಲಗಡೆಯಲ್ಲಿ ಆ ಪದ ಬಂದ ಇಡೀ ವಾಕ್ಯ. ಆಡಿದವರ ಹೆಸರು ಎಲ್ಲಿಯೂ ಇರಲಿಲ್ಲ.

ಈ ಕೆಲಸ ಹೇಗೆ ಶುರುವಾಯಿತೆಂದು ಕೇಳಿದಾಗ ಅವರು ಹೇಳಿದ್ದು ಕ್ಲಿನಿಕ್ಕಿನ ಅನುಭವ. ಹಳ್ಳಿಯಿಂದ ಬರುವ ಹಿರಿಯ ಹೆಂಗಸರು ಮೊಮ್ಮಕ್ಕಳನ್ನು ಜೊತೆಗೆ ಕರೆತರುತ್ತಿದ್ದರು. ಅಜ್ಜಿ ತನ್ನ ನೋವು ಎಲ್ಲಿಂದ ಹೊರಟು ಎಲ್ಲಿಗೆ ಹರಿಯುತ್ತದೆ, ರಾತ್ರಿ ಹೇಗೆ, ನಮಾಜಿಗೆ ಬಗ್ಗಿದಾಗ ಹೇಗೆ ಎಂದು ನಾಲ್ಕಾರು ಮಾತುಗಳಲ್ಲಿ ವಿವರಿಸಿದರೆ ಮೊಮ್ಮಗ ಅದನ್ನು ‘ಸೊಂಟನೋವಂತೆ’ ಎಂದು ಕನ್ನಡದಲ್ಲಿ ಒಂದೇ ಪದಕ್ಕೆ ಇಳಿಸಿಬಿಡುತ್ತಿದ್ದ. ತಾವೂ ಬ್ಯಾರಿಯೇ ಆದ್ದರಿಂದ ಡಾಕ್ಟ್ರು ಹುಡುಗನನ್ನು ಬದಿಗಿರಿಸಿ ಅಜ್ಜಿಯ ಜೊತೆ ನೇರವಾಗಿ ಮಾತಾಡತೊಡಗಿದರು. ಆಗ ಅವರ ಗಮನಕ್ಕೆ ಬಂದ ಸಂಗತಿಯೆಂದರೆ, ನೋವಿನ ಬಗೆಬಗೆಗಳಿಗೆ ಅಜ್ಜಿಯರ ಬಳಿ ಇದ್ದ ಪದಗಳಲ್ಲಿ ಅರ್ಧಕ್ಕರ್ಧ ಸ್ವತಃ ತಮಗೇ ಗೊತ್ತಿರಲಿಲ್ಲ ಎಂಬುದು. ‘ಕಾಯಿಲೆಯ ಮಾತು ಬರೆದುಕೊಳ್ಳಲಿಲ್ಲ ಮಾಷ್ಟ್ರೇ, ಅದು ಅವರ ಸೊತ್ತು. ಮದ್ದು ಕೊಟ್ಟಾದ ಮೇಲೆ ಕೂರಿಸಿ ಬೇರೆ ಮಾತು ಕೇಳ್ತಿದ್ದೆ, ಅದನ್ನು ಬರೆದೆ’ ಎಂದರು.

ಗುರುವಾರ: ಬಂದರು

ಹಳೆಯ ಬಂದರಿನ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆಯುವವರಿಗೆ ಒಣಮೀನು, ಅಡಿಕೆ, ಕಾಳುಮೆಣಸುಗಳ ವಾಸನೆ ಒಂದರ ಮೇಲೊಂದು ಬರುತ್ತದೆ. ಗೋದಾಮುಗಳ ಮುಂದೆ ಲಾರಿಗಳು, ಅವುಗಳ ನಡುವೆ ಕೈಗಾಡಿಗಳು. ಆಚೆ ನೀರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ನಾವೆಗಳು ನಿಂತಿದ್ದವು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲವೂ ದ್ವೀಪಗಳಿಗೆ ಇಲ್ಲಿಂದ ಹೋಗುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಮಂಗಳೂರನ್ನು ಮಂಜರೂರ್ ಎಂದು ಕರೆದು, ಪಾರಸ ಮತ್ತು ಯಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಾರೆಂದೂ ಕಾಳುಮೆಣಸು, ಶುಂಠಿ ಹೇರಳವಾಗಿದೆಯೆಂದೂ ಸುಮಾರು 4000 ಮುಸ್ಲಿಮರು ವಾಸವಾಗಿದ್ದಾರೆಂದೂ ಬರೆದಿದ್ದಾನೆ. ಬ್ಯಾರಿ ಎಂಬ ಹೆಸರು ವ್ಯಾಪಾರವೆಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಬಂತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ, ಈ ಓಣಿಗಳಲ್ಲಿ ಒಂದು ಸುತ್ತು ಹಾಕಿದವನು ಆ ಮಾತನ್ನು ಅಲ್ಲಗಳೆಯಲಾರ.

ಬಂದರಿನ ಜೀನತ್ ಬಕ್ಷ್ ಜುಮ್ಮಾ ಮಸೀದಿಯನ್ನು ಸ್ಥಳೀಯರು ಬೆಲಿಯೆ ಪಲ್ಲಿ, ಎಂದರೆ ದೊಡ್ಡ ಮಸೀದಿ ಎನ್ನುತ್ತಾರೆ. ಈ ಕರಾವಳಿಗೆ ಇಸ್ಲಾಮನ್ನು ತಂದವರೆಂದು ನಂಬಲಾದ ಮಲಿಕ್ ದೀನಾರರ ಸಂಗಡಿಗರು ಹಿಜರಿ 22ರಲ್ಲಿ, ಅಂದರೆ ಕ್ರಿ.ಶ. 643ರ ಸುಮಾರಿಗೆ ಇದನ್ನು ಕಟ್ಟಿದರೆಂಬುದು ಐತಿಹ್ಯ. ಟಿಪ್ಪು ಸುಲ್ತಾನ ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟನೆಂದು ಹೇಳುತ್ತಾರೆ. ಏಳನೆಯ ಶತಮಾನದ ಮಾತನ್ನು ಶಾಸನದಂತೆ ಹಿಡಿದು ವಾದಿಸುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಕಟ್ಟಡದ ಒಳಭಾಗ ತನ್ನ ಹಳಮೆಯನ್ನು ತಾನೇ ಹೇಳುತ್ತದೆ. ಹೊರಗಿನ ಪಡಸಾಲೆಗಳು ಇತ್ತೀಚಿನವು. ಅವನ್ನು ದಾಟಿ ಒಳಗೆ ಹೋದರೆ ತೇಗದ ಮರದ 16 ಕಂಬಗಳ ಮೇಲೆ ನಿಂತ ಗರ್ಭಗೃಹ ಸಿಗುತ್ತದೆ. ಕಂಬಗಳ ಮೇಲಿನ ಬಳ್ಳಿ, ಹೂವು, ಪದಕಗಳ ಕೆತ್ತನೆಯನ್ನು ನೋಡಿದರೆ ಈ ಸೀಮೆಯ ಗುತ್ತಿನ ಮನೆಗಳನ್ನೂ ಬಸದಿಗಳನ್ನೂ ಕಟ್ಟಿದ ಆಚಾರಿಗಳ ಪರಂಪರೆಯ ಕೈಕೆಲಸವೇ ಇದು ಎನ್ನಿಸುತ್ತದೆ.

ಡಾಕ್ಟ್ರಿಗೆ ಕಂಬಗಳಿಗಿಂತ ಹೆಸರಿನಲ್ಲಿ ಆಸಕ್ತಿ. ಮಲಯಾಳದಲ್ಲಿ ವಲಿಯ ಪಳ್ಳಿ ಎನ್ನುವುದು ಇಲ್ಲಿ ಬೆಲಿಯೆ ಪಲ್ಲಿ ಆಗಿದೆ. ಪದದ ಮೊದಲಿನ ವಕಾರ ಬಕಾರವಾಗುವುದು, ಕೊನೆಯ ಅಕಾರ ಎಕಾರವಾಗುವುದು, ಳಕಾರ ಲಕಾರದಲ್ಲಿ ಕರಗುವುದು, ಬ್ಯಾರಿ ಉಚ್ಚಾರದ ಈ ಮೂರೂ ಲಕ್ಷಣಗಳು ಒಂದೇ ಹೆಸರಿನಲ್ಲಿ ಕುಳಿತಿವೆ. ಬೀಜಕ್ಕೆ ಮಲಯಾಳದಲ್ಲಿ ವಿತ್ತು, ಬ್ಯಾರಿಯಲ್ಲಿ ಬಿತ್ತು. ಅಲ್ಲಿ ವೇಲಿ, ಇಲ್ಲಿ ಬೇಲಿ. ಕನ್ನಡಿಗನಿಗೆ ಇದರಲ್ಲಿ ವಿಶೇಷ ಕಾಣಲಾರದು, ನಮ್ಮಲ್ಲಿಯೂ ಬಿತ್ತು, ಬೇಲಿಗಳೇ ಇವೆಯಲ್ಲ! ಅದನ್ನೇ ಡಾಕ್ಟ್ರು ಒತ್ತಿ ಹೇಳಿದರು: ಮೂಲದ ಸಂಬಂಧ ತೆಂಕಣ ಕಡೆಯದಾದರೂ ಬಾಯಿ ಪಳಗಿದ್ದು ತುಳು-ಕನ್ನಡಗಳ ನೆರೆಯಲ್ಲಿ.

ಮಧ್ಯಾಹ್ನ ಬಂದರಿನ ಒಂದು ಸಣ್ಣ ಹೋಟೆಲಿನಲ್ಲಿ ಊಟ. ಮೀನಿನ ಸಾರಿನ ಜೊತೆ ಬಡಿಸಿದ ಪತ್ತಿರ್ ಕುಚ್ಚಲಕ್ಕಿಯದು, ನಮ್ಮ ಅಕ್ಕಿರೊಟ್ಟಿಗಿಂತ ತೆಳ್ಳಗೆ, ಮೆದುವಾಗಿತ್ತು. ಹೋಟೆಲಿನ ಹುಡುಗರು ತಮ್ಮೊಳಗೆ ಬ್ಯಾರಿಯಲ್ಲಿ ಮಾತಾಡುತ್ತಿದ್ದರು, ಅವರಲ್ಲಿ ಒಬ್ಬ ಬ್ಯಾರಿಯಲ್ಲ, ಬಂಟರ ಹುಡುಗ. ಬಂದರಿನಲ್ಲಿ ದುಡಿಯುವ ಯಾರಿಗೇ ಆದರೂ ಕೊಂಕಣಿ, ತುಳು, ಬ್ಯಾರಿ ಮೂರೂ ತಕ್ಕಮಟ್ಟಿಗೆ ಬರುತ್ತವೆ.

ಶುಕ್ರವಾರ: ಉಳ್ಳಾಲ ಮತ್ತು ಕೊಣಾಜೆ

ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದರೆ ಉಳ್ಳಾಲ. ನಾಲ್ಕು ಶತಮಾನಗಳಿಗೂ ಹಿಂದೆ ಮದೀನಾದಿಂದ ಬಂದವರೆಂದು ನಂಬಲಾದ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ಅವರ ದರ್ಗಾ ಇಲ್ಲಿದೆ; ಐದು ವರ್ಷಕ್ಕೊಮ್ಮೆ ನಡೆಯುವ ಇದರ ಉರೂಸಿಗೆ ಜಾತಿ ಮತ ನೋಡದೆ ಜನ ಸೇರುತ್ತಾರೆ. ಶುಕ್ರವಾರವಾದ್ದರಿಂದ ಜುಮಾ ನಮಾಜಿಗೆ ಬಂದವರ ದಟ್ಟಣೆ. ಡಾಕ್ಟ್ರು ಒಳಗೆ ಹೋದರು, ನಾನು ಹೊರಗೆ ಅತ್ತರು, ತಸ್ಬೀಹ್, ಖರ್ಜೂರ ಮಾರುವ ಅಂಗಡಿಗಳ ಸಾಲಿನಲ್ಲಿ ನಿಂತೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರೂ ಇದೇ. ಅವಳ ಪಡೆಯಲ್ಲಿ ಮೊಗವೀರರೂ ಬ್ಯಾರಿಗಳೂ ಒಟ್ಟಾಗಿ ಹಡಗು ನಡೆಸಿದರೆಂದು ಇಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ.

ಮಧ್ಯಾಹ್ನದ ಮೇಲೆ ಕೊಣಾಜೆಗೆ ಹೋದೆವು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬ್ಯಾರಿ ಅಧ್ಯಯನ ಪೀಠವಿದೆ. ಇಲ್ಲಿಗೆ ಬರುವ ದಾರಿ ದೀರ್ಘವಾದದ್ದು. ಬ್ಯಾರಿ ಮಾತನ್ನೂ ಜಾನಪದವನ್ನೂ ಶಾಸ್ತ್ರೀಯವಾಗಿ ಅಭ್ಯಸಿಸಿದ ಮೊದಲಿಗರಲ್ಲಿ ಸುಶೀಲಾ ಪಿ. ಉಪಾಧ್ಯಾಯರು ಒಬ್ಬರು, ಅವರ ಪತಿ ಯು.ಪಿ. ಉಪಾಧ್ಯಾಯರು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದ ಯೋಜನೆಯ ಸಂಪಾದಕರು. ಸಮುದಾಯದ ಒಳಗಿನಿಂದ ಪ್ರೊ. ಬಿ.ಎಂ. ಇಚ್ಲಂಗೋಡು, ಎ. ವಹ್ಹಾಬ್ ದೊಡ್ಡಮನೆ ಅವರಂಥವರು ಚರಿತ್ರೆಯನ್ನು ಕೂಡಿಹಾಕಿದರು. 1998ರಲ್ಲಿ ಮೊದಲ ಬ್ಯಾರಿ ಸಾಹಿತ್ಯ ಸಮ್ಮೇಳನ ಕವಿ ಬಿ.ಎಂ. ಇದಿನಬ್ಬರ ಅಧ್ಯಕ್ಷತೆಯಲ್ಲಿ ನಡೆಯಿತು. ತುಳು, ಕೊಂಕಣಿ ಅಕಾಡೆಮಿಗಳು 1994ರಲ್ಲಿಯೇ ಬಂದಿದ್ದರೂ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಗಲು 2007 ಬರಬೇಕಾಯಿತು. ಅದರ ನೆನಪಿಗೆ ಅಕ್ಟೋಬರ್ 3ನ್ನು ಬ್ಯಾರಿ ಭಾಷಾ ದಿನವಾಗಿ ಆಚರಿಸುತ್ತಾರೆ. 2011ರಲ್ಲಿ ತೆರೆಗೆ ಬಂದ ಈ ಭಾಷೆಯ ಮೊದಲ ಚಲನಚಿತ್ರ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಾಗ, ಬ್ಯಾರಿ ಎಂಬ ಭಾಷೆಯೊಂದಿದೆ ಎಂಬುದು ಘಟ್ಟದ ಮೇಲಿನ ಅನೇಕರಿಗೆ ಮೊದಲ ಬಾರಿಗೆ ತಿಳಿಯಿತು.

ವಾಪಸು ಬರುವಾಗ ಕಾರಿನಲ್ಲಿ ನಮ್ಮಿಬ್ಬರ ನಡುವೆ ಲಿಪಿಯ ವಿಷಯಕ್ಕೆ ಚರ್ಚೆ ಹತ್ತಿತು. ಬ್ಯಾರಿಯನ್ನು ಬಹುಕಾಲದಿಂದ ಕನ್ನಡ ಲಿಪಿಯಲ್ಲಿಯೇ ಬರೆಯುತ್ತ ಬಂದಿದ್ದಾರೆ. 2020ರಲ್ಲಿ ಅಕಾಡೆಮಿ ಹೊಸದಾಗಿ ರೂಪಿಸಿದ ಬ್ಯಾರಿ ಲಿಪಿಯನ್ನು ಪ್ರಕಟಿಸಿತು. ಲಿಪಿಯಿದ್ದರೆ ಭಾಷೆಗೆ ಗೌರವ ಬರುತ್ತದೆ, ಉಪಭಾಷೆಯೆಂಬ ಮೂದಲಿಕೆ ನಿಲ್ಲುತ್ತದೆ ಎಂಬುದು ಅದನ್ನು ಬೆಂಬಲಿಸುವವರ ವಾದ, ಆ ವಾದದ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಡಾಕ್ಟ್ರ ನಿಲುವು ಬೇರೆ. ‘ಓದುವವರು ಎಷ್ಟು ಮಂದಿ ಉಂಟು ಅಂತ ಮೊದಲು ನೋಡ್ಬೇಕು. ಈಗ ಕನ್ನಡದಲ್ಲಿ ಬರೆದದ್ದನ್ನೇ ನಮ್ಮ ಮಕ್ಕಳು ಓದುವುದಿಲ್ಲ ಮಾರಾಯ್ರೇ, ಹೊಸ ಅಕ್ಷರ ಕಲೀತಾರಾ?’ ನಾನು ಕೊಂಕಣಿಯ ಉದಾಹರಣೆ ಕೊಟ್ಟೆ. ಗೋವೆಯಲ್ಲಿ ದೇವನಾಗರಿ ಅಧಿಕೃತವಾದರೂ ಇಲ್ಲಿನ ಕೊಂಕಣಿಗರು ಕನ್ನಡ ಲಿಪಿಯಲ್ಲಿ ಬರೆದು ಓದಿಸಿಕೊಂಡು ಬಂದಿದ್ದಾರೆ, ಅದರಿಂದ ಅವರ ಭಾಷೆಯ ಮಾನ ಕುಗ್ಗಿಲ್ಲ.

ಆದರೂ ಕನ್ನಡ ಲಿಪಿಯಲ್ಲಿ ಒಂದು ತೊಡಕು ಇರುವುದನ್ನು ಡಾಕ್ಟ್ರು ಒಪ್ಪಿಕೊಂಡರು. ನಕ್ಕ್ ಎಂಬ ಪದದ ಕೊನೆಯಲ್ಲಿ ಪೂರ್ಣ ಉಕಾರವೂ ಇಲ್ಲ, ಬರೀ ವ್ಯಂಜನವೂ ಅಲ್ಲ. ತುಟಿ ದುಂಡಗಾಗದೆ ಹೊರಡುವ ಒಂದು ಮೊಟಕು ಸ್ವರವಿದೆ. ತುಳುವಿನಲ್ಲಿಯೂ ಕೊಡವದಲ್ಲಿಯೂ ಇದೇ ಪಾಡು. ಒಬ್ಬರು ನಕ್ಕ್ ಎನ್ನುತ್ತಾರೆ, ಇನ್ನೊಬ್ಬರು ನಕ್ಕು ಎಂದು ಬರೆಯುತ್ತಾರೆ, ಆ ಎರಡನೆಯದನ್ನು ಕನ್ನಡಿಗ ಓದಿದರೆ ಯಾರೋ ನಕ್ಕರೆಂದು ತಿಳಿಯುತ್ತಾನೆ. ಡಾಕ್ಟ್ರ ಪುಸ್ತಕಗಳಲ್ಲಿ ಮೊದಲ ಕೆಲವು ವರ್ಷ ಉಕಾರವಿದೆ, ಆಮೇಲೆ ಎಲ್ಲ ಕಡೆಯೂ ಅರ್ಧಾಕ್ಷರ.

ಶನಿವಾರ: ಪಾಣೆಮಂಗಳೂರು, ಉಪ್ಪಿನಂಗಡಿ

ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಈ ದಿನ. ಬಂಟ್ವಾಳ, ಪಾಣೆಮಂಗಳೂರುಗಳು ನೇತ್ರಾವತಿಯ ಎರಡು ದಡಗಳ ಪೇಟೆಗಳು. ರಸ್ತೆಗಳು ಬರುವ ಮುಂಚೆ ಮಂಗಳೂರಿನಿಂದ ಸರಕಿನ ದೋಣಿಗಳು ಇಲ್ಲಿಯವರೆಗೆ ಬಂದು, ಮುಂದೆ ಎತ್ತಿನ ಗಾಡಿಗಳಲ್ಲಿ ಸಾಮಾನು ಘಟ್ಟ ಹತ್ತುತ್ತಿತ್ತು. ಈ ವ್ಯಾಪಾರದ ದಾರಿಗುಂಟ ಬ್ಯಾರಿ ಮಾತೂ ಒಳನಾಡಿಗೆ ಹಬ್ಬಿತು. ಪಾಣೆಮಂಗಳೂರಿನ ಹಳೆಯ ಅಂಗಡಿಬೀದಿಯಲ್ಲಿ ಒಂದಷ್ಟು ನಡೆದು, ಅಲ್ಲಿಂದ ಉಪ್ಪಿನಂಗಡಿಗೆ ಹೋದೆವು. ಕುಮಾರಧಾರಾ ನೇತ್ರಾವತಿಯನ್ನು ಸೇರುವ ಊರು ಅದು. ಪೇಟೆಯಿಂದ ಸ್ವಲ್ಪ ದೂರದ ತೋಟದ ಮನೆಯಲ್ಲಿ ಡಾಕ್ಟ್ರ ಸೋದರತ್ತೆ ಇದ್ದಾರೆ.

ಡಾಕ್ಟ್ರು ಅವರನ್ನು ಮಾಮಿ ಎಂದರು, ಅವರು ನೆರೆತ ತಲೆಯ ಈ ವೈದ್ಯರನ್ನು ‘ಮೋನೆ’, ಎಂದರೆ ಮಗನೇ, ಎಂದು ಕರೆದು ಹತ್ತಿರ ಕೂರಿಸಿಕೊಂಡರು. ನನ್ನನ್ನು ಕನ್ನಡದಲ್ಲಿ ಮಾತಾಡಿಸಬೇಕೆಂದು ಅವರಿಗೆ ಆಸೆ, ಆದರೆ ಮೊದಲೆರಡು ಮಾತಿನ ಬಳಿಕ ತುಳುವಿಗೆ ಜಾರಿದರು. ಶಾಲೆಗೆ ಹೋದವರಲ್ಲ, ಕನ್ನಡ ಅಕ್ಷರ ಬಾರದು. ಹಾಗೆಂದು ನಿರಕ್ಷರಿ ಎಂದರೆ ತಪ್ಪಾಗುತ್ತದೆ. ಒಳಗಿನಿಂದ ತಂದ, ಹಾಳೆ ಕಂದಿದ ಒಂದು ಪುಸ್ತಕವನ್ನು ಮೊಣಕಾಲ ಮೇಲಿಟ್ಟು ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಅವರು ಸರಾಗವಾಗಿ ಓದಿದರು. ಅದು ಅರಬಿ-ಮಲಯಾಳ: ಅರಬಿ ಅಕ್ಷರಗಳಿಗೆ ಕೆಲವು ಚಿಹ್ನೆಗಳನ್ನು ಸೇರಿಸಿ ಮಲಯಾಳವನ್ನು ಬರೆಯುವ ಪದ್ಧತಿ. ಮದ್ರಸಗಳಲ್ಲಿ ತಲೆಮಾರುಗಟ್ಟಲೆ ಬ್ಯಾರಿ ಮಕ್ಕಳು ಕಲಿತದ್ದು ಇದನ್ನು. ಜನಗಣತಿಯ ಸಾಕ್ಷರತೆಯಲ್ಲಿ ಇಂಥವರನ್ನು ಯಾವ ಬದಿಗೆ ಬರೆದುಕೊಂಡರೋ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಸುಳಿಯಿತು.

ಅವರು ಓದಿದ್ದು, ಓದಿದ್ದಕ್ಕಿಂತ ಹಾಡಿದ್ದು, ಮುಹ್‌ಯಿದ್ದೀನ್ ಮಾಲೆಯ ಸಾಲುಗಳನ್ನು. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ, ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಕೊಂಡಾಡುವ ಈ ಮಾಲೆಪಾಟ್ ಮಲಬಾರಿನಿಂದ ಬಂದು ಬ್ಯಾರಿ ಮನೆಗಳಲ್ಲಿಯೂ ಸಂಜೆಯ ಪಠಣವಾಗಿ ನೆಲೆಯೂರಿತ್ತು. ಮದುವೆಯ ಹಿಂದಿನ ರಾತ್ರಿ ಮದರಂಗಿ ಹಚ್ಚುವಾಗಿನ ಮೈಲಾಂಜಿ ಪಾಟ್, ಮದುಮಗಳ ಸುತ್ತ ಕೈತಟ್ಟಿ ಹಾಡುವ ಒಪ್ಪನ, ಗಂಡಸರ ದಫ್ ಮತ್ತು ಕೋಲ್ಕಲಿ, ಇವೂ ಮಲಬಾರಿನ ಮಾಪಿಳ್ಳೆ ಮುಸ್ಲಿಮರ ಕಲೆಗಳ ನೆಂಟರೇ. ಇಲ್ಲಿ ಡಾಕ್ಟ್ರು ಒಂದು ಸೂಕ್ಷ್ಮವನ್ನು ತೋರಿಸಿದರು. ಕಟ್ಟಿಟ್ಟ ಹಾಡುಗಳ ಭಾಷೆ ಬಹುಪಾಲು ಮಲಯಾಳದ್ದು; ನಾಲಿಗೆ ಬ್ಯಾರಿಯದಾದರೂ ಸಾಹಿತ್ಯ ತೆಂಕಣದ್ದು. ನಿಜವಾದ ಬ್ಯಾರಿ ಬೇಕಾದರೆ ಮಗುವನ್ನು ತೂಗುವಾಗಿನ ಪದ, ಒಗಟು, ಬೈಗುಳ, ಅಡುಗೆಮನೆಯ ಆಜ್ಞೆಗಳನ್ನು ಕೇಳಬೇಕು. ಸಭೆಗಳಲ್ಲಿ ಪ್ರದರ್ಶನವಾಗುವುದು ಮೊದಲಿನ ಬಗೆ, ದಾಖಲಾಗದೆ ಹೋಗುವುದು ಎರಡನೆಯದು. ಜೋಗುಳವನ್ನು ವೇದಿಕೆಯ ಮೇಲೆ ಯಾರು ಹಾಡುತ್ತಾರೆ?

ಆದ್ದರಿಂದಲೇ ಅವರ ದಾಖಲೆಗಳಲ್ಲಿ ಹೆಂಗಸರ ಮಾತೇ ಹೆಚ್ಚು. ವ್ಯಾಪಾರಕ್ಕೆ ಹೊರಗೆ ಹೋದ ಗಂಡಸರ ಬ್ಯಾರಿಯಲ್ಲಿ ತುಳು, ಕನ್ನಡ, ಈಚೆಗೆ ಕೊಲ್ಲಿ ರಾಷ್ಟ್ರಗಳಿಂದ ಹೊತ್ತು ತಂದ ಪದಗಳು ಧಾರಾಳವಾಗಿ ಸೇರಿಕೊಂಡವು. ಮನೆಯಲ್ಲಿಯೇ ಉಳಿದವರು ಹಳೆಯ ರೂಪಗಳನ್ನು ಉಳಿಸಿಕೊಂಡರು. ಮಾಮಿ ತಮ್ಮ ಮದುವೆಯ ಉಡುಪನ್ನು ವಿವರಿಸಿದರು: ಸೊಂಟಕ್ಕೆ ತುಣಿ, ಮೈಗೆ ಕುಪ್ಪಾಯ, ತಲೆಗೆ ಬಟ್ಟೆ. ಕಿವಿಗೆ ಅಲಿಕ್ಕತ್ತ್ ಧರಿಸುತ್ತಿದ್ದರಂತೆ. ಅದು ಕಿವಿಯ ಅಂಚಿನಲ್ಲಿ ಸಾಲಾಗಿ ತೂತು ಮಾಡಿಸಿ ಹಾಕಿಕೊಳ್ಳುತ್ತಿದ್ದ ಆಭರಣ. ಮಾತಾಡುತ್ತಲೇ ಡಾಕ್ಟ್ರು ಅವರ ತಲೆಬಟ್ಟೆಯನ್ನು ಚೂರು ಸರಿಸಲು ಹೇಳಿ, ಮುಚ್ಚಿಹೋದ ಆ ತೂತುಗಳ ಗುರುತನ್ನು ನನಗೆ ತೋರಿಸಿದರು. ಕ್ಲಿನಿಕ್ಕಿನಲ್ಲಿ ಇಂಥ ಕಿವಿಯನ್ನು ಕಂಡರೆ ಸಾಕು, ಇವರ ಬಳಿ ಹಳೆಯ ಮಾತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತಂತೆ. ಚಿನ್ನವನ್ನು ಕರಗಿಸಿ ಹೊಸ ನಮೂನೆಯ ಒಡವೆ ಮಾಡಿಸಿದ ಮೇಲೆ ಆಭರಣದ ಜೊತೆ ಅದರ ಬಿಡಿಭಾಗಗಳ ಹೆಸರುಗಳೂ ಹೋದವು. ಮಾಮಿಗೆ ನೆನಪಿದ್ದ ಕೆಲವನ್ನು ಅವರು ಅಲ್ಲಿಯೇ ಬರೆದುಕೊಂಡರು.

ಊಟಕ್ಕೆ ಪಿಂಡಿ ಇತ್ತು, ಅಕ್ಕಿ ಹಿಟ್ಟಿನ ಸಣ್ಣ ಉಂಡೆಗಳನ್ನು ಬೇಯಿಸಿ ಕೋಳಿ ಸಾರಿನಲ್ಲಿ ಹಾಕಿದ್ದು. ಬಡಿಸಿದ ಮೊಮ್ಮಗಳು ಕಾಲೇಜು ವಿದ್ಯಾರ್ಥಿನಿ. ಅಜ್ಜಿ ಬ್ಯಾರಿಯಲ್ಲಿ ಕೇಳಿದ್ದಕ್ಕೆ ಅವಳು ಬ್ಯಾರಿಯಲ್ಲಿಯೇ ಉತ್ತರಿಸಿದಳು, ಆದರೆ ತಮ್ಮನನ್ನು ಗದರುವಾಗ ಕನ್ನಡ ಬಂತು. ಅವಳ ಫೋನಿನಲ್ಲಿ ಡಾಕ್ಟ್ರು ಮಾಮಿಯ ಧ್ವನಿಯನ್ನು ಮುದ್ರಿಸಲು ಹೇಳಿಕೊಟ್ಟಿದ್ದಾರೆ. ವಾರಕ್ಕೊಮ್ಮೆ ಅವಳು ಕಳುಹಿಸುವ ತುಣುಕುಗಳನ್ನು ಕೇಳಿ ಇವರು ಬರೆದುಕೊಳ್ಳುತ್ತಾರೆ. ಅಕಾಡೆಮಿಯ ಪತ್ರಿಕೆ ‘ಬೆಲ್ಕಿರಿ’ಯನ್ನು ಓದುತ್ತೀಯಾ ಎಂದು ನಾನು ಕೇಳಿದೆ. ಬ್ಯಾರಿ ಪದ್ಯಗಳನ್ನು ಓದುವಾಗ ಬಾಯಿಬಿಟ್ಟು ಓದಬೇಕಾಗುತ್ತದೆ, ಕಣ್ಣಿಗೆ ಆ ಪದಗಳ ಅಭ್ಯಾಸವಿಲ್ಲ ಎಂದಳು. ಭಾಷೆಯನ್ನು ಕುರಿತು ನಾನು ಈ ವಾರ ಕೇಳಿದ ಅತ್ಯಂತ ಖಚಿತವಾದ ಮಾತು ಅದೇ ಇರಬೇಕು. ಬರಹಕ್ಕೆ ಕನ್ನಡ, ಧರ್ಮಕ್ಕೆ ಅರಬಿ-ಮಲಯಾಳ, ಪೇಟೆಗೆ ತುಳು ಎಂದು ಹಂಚಿಕೊಂಡ ಈ ಜನ ತಮ್ಮ ಮಾತನ್ನು ಕಿವಿಗೆ ಮಾತ್ರ ಬಿಟ್ಟಿದ್ದರು. ಈ ಸಮುದಾಯದಲ್ಲಿ ಹುಟ್ಟಿದ ಒಳ್ಳೆಯ ಲೇಖಕರು ಬಹುಮಟ್ಟಿಗೆ ಕನ್ನಡದಲ್ಲಿ ಬರೆದರು. ಕನ್ನಡಕ್ಕೆ ಅದು ಲಾಭವಾಯಿತು, ಬ್ಯಾರಿಯ ಗದ್ಯ ಅಷ್ಟರಮಟ್ಟಿಗೆ ತಡವಾಯಿತು.

ಭಾನುವಾರ: ಮೂಲ್ಕಿ

ಉತ್ತರಕ್ಕೆ ಒಂದು ಸಣ್ಣ ಪ್ರಯಾಣ. ಶಾಂಭವಿ ನದಿಯ ಬಳಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯವನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂದು ಸ್ಥಳಪುರಾಣ. ಅವನ ದೋಣಿ ನದಿಯಲ್ಲಿ ಸಿಕ್ಕಿಕೊಂಡು ನೀರು ಕೆಂಪಾಯಿತು, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಲು ಹೇಳಿದಳು ಎಂಬುದು ಕಥೆ. ಜಾತ್ರೆಯ ಮೊದಲ ಪ್ರಸಾದ ಅವನ ವಂಶದವರಿಗೆ ಸಲ್ಲುವ ರೂಢಿ ಉಳಿದುಬಂದಿದೆ. ಕರಾವಳಿಯ ಬೊಬ್ಬರ್ಯ ದೈವದ ಕಥೆಯಲ್ಲಿಯೂ ಕಡಲ ವ್ಯಾಪಾರಿಯಾದ ಮುಸ್ಲಿಂ ತಂದೆ ಬರುತ್ತಾನೆ. ಇವನ್ನೆಲ್ಲ ಸೌಹಾರ್ದದ ಭಾಷಣಗಳಲ್ಲಿ ಕೇಳಿ ಕೇಳಿ ಸವೆದಿರುವುದರಿಂದ ಡಾಕ್ಟ್ರು ಹೆಚ್ಚೇನೂ ಹೇಳಲಿಲ್ಲ. ದೇವಾಲಯದ ಹೊರಗೆ ಮಲ್ಲಿಗೆ ಮಾರುತ್ತಿದ್ದ ಹೆಂಗಸಿನ ಜೊತೆ ಅವರು ತುಳುವಿನಲ್ಲಿ ಚೌಕಾಸಿ ಮಾಡಿದರು. ಮಧ್ಯಾಹ್ನದೊಳಗೆ ಮಂಗಳೂರಿಗೆ ಹಿಂದಿರುಗಿದೆವು, ಮಳೆ ಹಿಡಿದುಕೊಂಡಿತು.

ಸೋಮವಾರ: ಮಂಜೇಶ್ವರ, ಕುಂಬಳೆ, ತಳಂಗರೆ

ತಲಪಾಡಿ ದಾಟಿದರೆ 1956ರಿಂದ ಕೇರಳ. ಅದಕ್ಕೆ ಮೊದಲು ಕಾಸರಗೋಡು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಸ್ಮಾರಕವಾಗಿದೆ. ಬಹುಭಾಷಾ ವಿದ್ವಾಂಸರೊಬ್ಬರು ಸಂಶೋಧನೆಗೆ ಕುಳಿತಿದ್ದ ಜಾಗವನ್ನು ನೋಡಿ, ಕುಂಬಳೆಯ ಆರಿಕ್ಕಾಡಿಯ ಮೇಲೆ ತೆಂಕಣಕ್ಕೆ ಸಾಗಿದೆವು. ಆಲಿ ಚಾಮುಂಡಿಯೆಂಬ ದೈವದ ಸ್ಥಾನ ಆರಿಕ್ಕಾಡಿಯಲ್ಲಿದೆ, ಈ ದೈವಕ್ಕೆ ಮುಸ್ಲಿಂ ಹಿನ್ನೆಲೆಯ ಕಥೆಯಿದೆ. ದೈವಾರಾಧನೆಯ ನೇಮದ ಕಾಲವಲ್ಲದ್ದರಿಂದ ಇಳಿಯಲಿಲ್ಲ.

ಡಾಕ್ಟ್ರ ಉದ್ದೇಶ ಬೇರೆಯಿತ್ತು. ಬ್ಯಾರಿ ಎಲ್ಲಿ ಮುಗಿದು ಮಲಯಾಳ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವರು ಬಹಳ ಕಾಲದಿಂದ ಹುಡುಕುತ್ತಿದ್ದಾರೆ. ಚಂದ್ರಗಿರಿ ಹೊಳೆಯೇ ತುಳುನಾಡಿನ ತೆಂಕಣ ಗಡಿ ಎಂಬುದು ಹಳೆಯ ಮಾತು, ಮಾತಿನ ಗಡಿಯೂ ಅದೇ ಇರಬಹುದೆಂದು ಅವರು ಎಣಿಸಿದ್ದರು. ಹೊಳೆಯ ಬಳಿಯ ತಳಂಗರೆಯಲ್ಲಿ ಮಲಿಕ್ ದೀನಾರ್ ಮಸೀದಿಯಿದೆ. ಬಂದರಿನ ಬೆಲಿಯೆ ಪಲ್ಲಿಯ ಹುಟ್ಟಿನ ಐತಿಹ್ಯವೂ ಇದರದ್ದೂ ಒಂದೇ ಎಳೆಯವು. ಕೈಕಸೂತಿಯ ಬಿಳಿ ತೊಪ್ಪಿಗೂ ಈ ಊರು ಹೆಸರಾದದ್ದು. ಮಸೀದಿಯ ಬಳಿಯ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಅಂಥ ತೊಪ್ಪಿ ಹೊಲಿಯುವವರು ಈಗ ಎಷ್ಟು ಕಡಮೆಯಾಗಿದ್ದಾರೆಂದು ವಿವರಿಸುತ್ತಿದ್ದರೆ, ಡಾಕ್ಟ್ರು ತೊಪ್ಪಿಯ ಕಡೆಗೆ ನೋಡದೆ ಅವರ ಬಾಯಿಯ ಕಡೆಗೇ ಗಮನವಿಟ್ಟಿದ್ದರು. ಹಿರಿಯರು ತಮ್ಮದು ಮಲಯಾಳವೆಂದೇ ಹೇಳಿಕೊಂಡರು, ಬ್ಯಾರಿ ಎಂಬ ಹೆಸರನ್ನು ಒಪ್ಪಲಿಲ್ಲ. ಆದರೆ ‘ಅವರು ಬಂದರು’ ಎನ್ನಬೇಕಾದ ಕಡೆಯಲ್ಲಿ ಅವರ ಬಾಯಲ್ಲಿ ಮಲಯಾಳ ಪಠ್ಯಪುಸ್ತಕದ ವಕಾರ ಬರಲಿಲ್ಲ, ಬಕಾರವೇ ಬಂತು. ಕಾಸರಗೋಡಿನ ಆಡುಮಲಯಾಳದಲ್ಲಿ ಇದು ಸಾಮಾನ್ಯ.

ಹೊರಗೆ ಬಂದ ಮೇಲೆ ನಾನು ಕೇಳಿದೆ: ‘ಹಾಗಾದರೆ ಡಾಕ್ಟ್ರೇ, ಇವರದನ್ನು ನಿಮ್ಮ ಪುಸ್ತಕದಲ್ಲಿ ಬ್ಯಾರಿ ಎಂದು ಬರೆಯುತ್ತೀರೋ, ಮಲಯಾಳ ಎಂದೋ?’

‘ಅವರು ಮಲಯಾಳ ಅಂದ್ರಲ್ಲ, ಅವರ ಮಾತನ್ನು ನಾನು ಯಾಕೆ ತಿದ್ದಬೇಕು? ರೋಗಿ ಹೇಳಿದ್ದನ್ನು ಮೊದಲು ಹೇಳಿದ ಹಾಗೇ ಬರೀಬೇಕು, ರೋಗನಿದಾನ ಆಮೇಲೆ’ ಎಂದರು. ಅವರ ನಿಘಂಟು ಕನ್ನಡ ಅಕ್ಷರಾನುಕ್ರಮದಲ್ಲಿ ಸಿದ್ಧವಾಗುತ್ತಿದೆ, ಪದಗಳ ಮುಂದೆ ಊರಿನ ಹೆಸರು ಇರುತ್ತದೆ. ಭಾಷೆಯ ಹೆಸರಿಗೆ ಬೇರೆ ಅಂಕಣ ಮಾಡಿಲ್ಲ. ಅಚ್ಚಿಗೆ ಕೊಡುವಾಗ ಪ್ರಕಾಶಕರು ಒಪ್ಪಲಿಕ್ಕಿಲ್ಲ ಎಂದು ನಾನು ಎಚ್ಚರಿಸಿದೆ. ಆ ಜಗಳಕ್ಕೆ ಇನ್ನೂ ಸಮಯವಿದೆ, ಪಕಾರದ ಪದಗಳೇ ಮುಗಿದಿಲ್ಲ ಎಂದು ಹೇಳಿ ಅವರು ಕಾರನ್ನು ಕಾಸರಗೋಡು ಪೇಟೆಯ ಕಡೆಗೆ ತಿರುಗಿಸಿದರು. ಅಲ್ಲಿಂದ ರೈಲಿನಲ್ಲಿ ನಾನು ಮಂಗಳೂರಿಗೆ ಹೋಗಿ ರಾತ್ರಿಯ ಬಸ್ಸು ಹಿಡಿಯಬೇಕಿತ್ತು, ಅವರಿಗೆ ಪೇಟೆಯ ಆಚೆ ಇನ್ನೊಂದು ಮನೆಯಲ್ಲಿ ಮಾತಾಡಿಸುವುದಿತ್ತು.